ಯಾರೂ ಬಳಸದ ಬಾಗಿಲಿಗೊಂದು ಜಗಲಿ

ಟ್ಯಾಕ್ಸಿ ಕೊನೆಯ ತಿರುವು ದಾಟುತ್ತಿದ್ದಂತೆ ಡಲ್ಸಿ ಪಾರ್ಡಿಗೆ ತನ್ನ ಮನೆ ಕಂಡಿತು. ಅವಳು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು.

ಹೊಸ ಮರದ ಜಗಲಿ ಎದ್ದು ನಿಂತಿತ್ತು. ಅಗಲವಾಗಿ, ತಿಳಿಹಸಿರಾಗಿ, ಪಕ್ಕಕ್ಕೊಂದು ಇಳಿಜಾರಿನ ಸಮೇತ. ಆದರೆ ಮನೆಯ ಹಿಂದೆ ಅಲ್ಲ. ಮುಂದೆ.

ನ್ಯೂಫೌಂಡ್‌ಲ್ಯಾಂಡಿನ ಆ ದಂಡೆಯಲ್ಲಿ, ಗಲ್ ಕೋವ್‌ನಂಥ ಊರಿನಲ್ಲಿ, ಮುಂಬಾಗಿಲು ಎನ್ನುವುದು ಗೋಡೆಯ ಮೇಲೆ ಬಿಡಿಸಿದ ಚಿತ್ರವಿದ್ದ ಹಾಗೆ. ನೆಲದಿಂದ ಮೂರಡಿ ಮೇಲೆ, ಮೆಟ್ಟಿಲಿಲ್ಲದೆ ಸುಮ್ಮನೆ ಇರುತ್ತದೆ. ಜನ ಬರುವುದು ಹಿಂಬಾಗಿಲಿನಿಂದ, ತಟ್ಟದೆ, ನೇರ ಅಡುಗೆಮನೆಗೆ. ಬಾಗಿಲು ತಟ್ಟುವವನು ಪರಊರಿನವನು, ಇಲ್ಲವೇ ಪೊಲೀಸಿನವನು. ಡಲ್ಸಿಯ ಮನೆಯ ಮುಂಬಾಗಿಲು ಕೊನೆಯ ಸಲ ತೆರೆದದ್ದು ಹನ್ನೊಂದು ವರ್ಷದ ಹಿಂದೆ, ಅಪ್ಪನ ಶವಪೆಟ್ಟಿಗೆ ಹೊರಟಾಗ. ಆಮೇಲೆ ಅದರ ಸಂದುಗಳ ಮೇಲೆ ಎರಡು ಸಲ ಬಣ್ಣ ಬಿದ್ದು, ಬಾಗಿಲೂ ಚೌಕಟ್ಟೂ ಒಂದೇ ಆಗಿಬಿಟ್ಟಿದ್ದವು.

ಅವಳು ಸೂಟ್‌ಕೇಸನ್ನು ಹುಲ್ಲಿನ ಮೇಲೆ ಬಿಟ್ಟು ನಡೆದಳು. ಜೂನ್ ತಿಂಗಳ ಮಂಜು, ಸಣ್ಣ ಮಳೆ, ಕ್ಯಾಪ್ಲಿನ್ ಮೀನು ದಡಕ್ಕೆ ಬರುವ ಕಾಲದ ಚಳಿ. ಜಗಲಿಯ ಮೇಲೆ ಮೇಸ್ತ್ರಿ ಸೆಲ್ಬಿ ಕೀಪಿಂಗ್ ಮೊಣಕಾಲೂರಿ ಕುಳಿತು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು, ಅಂಚಿನ ಮರದ ಕಂಬಿಯ ತುದಿಗೆ ಕುಂಚದಿಂದ ಏನೋ ಬಳಿಯುತ್ತಿದ್ದ.

"ಏನಿದು ಸೆಲ್ಬಿ?"

ಅವನು ತಲೆಯೆತ್ತಿದ. ಬೂದುಗಣ್ಣು ಒಂದು ಕ್ಷಣ ಅರಳಿತು. ಅವಳ ಮುಖ ನೋಡಿ ಅಲ್ಲೇ ಮುದುಡಿತು. "ಜಗಲಿ."

"ಜಗಲಿ ಅಂತ ನಂಗೂ ಕಾಣುತ್ತೆ. ಫೋನಲ್ಲಿ ನಾನೇನು ಹೇಳ್ದೆ? ಹಿಂಬಾಗಿಲಿಗೆ, ಮೊದ್ಲು ಇದ್ದಲ್ಲೇ ಅಂದೆ. ನೀನೇನಂದೆ?"

"ನೋಡ್ತೀನಿ ಅಂದೆ."

"ನೋಡಿದ್ದು ಇದಾ?"

ಬೇಲಿಯ ಆಚೆಯಿಂದ ಪಕ್ಕದ ಮನೆಯ ಹೆಜ್ ಮಾವ ಕೂಗಿದ. ಎಪ್ಪತ್ತು ದಾಟಿದರೂ ಬಾಯಿಗೆ ವಯಸ್ಸಾಗಿರಲಿಲ್ಲ. "ಡಲ್ಸೀ, ಪಾದ್ರಿಗೆ ಹೇಳಿ ಕಳಿಸ್ಲೇನೇ? ಮುಂಬಾಗಿಲು ರೆಡಿ ಆಯ್ತು, ಹೆಣ ಯಾರ್ದು?"

"ಈ ಮೇಸ್ತ್ರಿದು," ಎಂದಳು ಡಲ್ಸಿ.

ಸೆಲ್ಬಿಯ ತುಟಿಯ ತುದಿ ಅಲುಗಿತು. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು.

ಏರದೆ ಏನು? ಮೇ ತಿಂಗಳಲ್ಲಿ ಹಿಂದಿನ ಹಳೇ ಜಗಲಿಯ ಹಲಗೆ ಮುರಿದು ಅಮ್ಮ ವಿನ್ನಿಯ ಕಾಲು ತೊಡೆಯವರೆಗೆ ಕೆಳಗಿಳಿದು ಸೊಂಟದ ಮೂಳೆ ಹೋಗಿತ್ತು. ಹದಿನೆಂಟು ದಿನ ಡಲ್ಸಿ ರಾಜಧಾನಿಯ ಆಸ್ಪತ್ರೆಯ ಕುರ್ಚಿಯಲ್ಲಿ ಮಲಗಿದ್ದಳು. ಆ ಹದಿನೆಂಟು ದಿನವೂ ಬೇರೆಯವರೇ ನಿರ್ಧರಿಸಿದ್ದರು: ಯಾವಾಗ ಕೊಯ್ಯಬೇಕು, ಯಾವಾಗ ನಡೆಸಬೇಕು, ಯಾವಾಗ ಪಟ್ಟಣದ ಚಿಕ್ಕ ಆಸ್ಪತ್ರೆಗೆ ಸಾಗಿಸಬೇಕು. ಈಗ ಶುಕ್ರವಾರ ಬೆಳಿಗ್ಗೆ ಒಬ್ಬ ನರ್ಸ್ ಬಂದು ಮನೆ ನೋಡುತ್ತಾಳಂತೆ. ವಾಕರ್ ಹಿಡಿದು ಒಳಹೋಗಲು ಭದ್ರವಾದ ದಾರಿಯಿದ್ದರೆ ಅಮ್ಮ ಮನೆಗೆ. ಇಲ್ಲವಾದರೆ ವೃದ್ಧಾಶ್ರಮದಲ್ಲಿ ಕಿಟಕಿಯಿಲ್ಲದ ಗೋಡೆಯ ಪಕ್ಕದ ಹಾಸಿಗೆ ಕಾಯುತ್ತಿದೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಡಲ್ಸಿ ಕಂಡಿರಲಿಲ್ಲ.

"ಇವತ್ತು ಬುಧವಾರ. ಈ ಬಾಗಿಲು ತೆಗೆಯಕ್ಕೇ ಬರಲ್ಲ. ಅಮ್ಮನ್ನ ಜಗಲಿ ಮೇಲೆ ನಿಲ್ಲಿಸಿ ಕಿಟಕಿಯಿಂದ ಟೀ ಕೊಡ್ಲಾ?"

"ಬಾಗಿಲು ತೆಗೀಬಹುದು ಡಲ್ಸಿ. ಹಿಂದೆ ಯಾಕೆ ಆಗಲ್ಲ ಅಂದ್ರೆ..."

"ಅದನ್ನ ಕಟ್ಟೋಕ್ಕೆ ಮುಂಚೆ ಹೇಳ್ಬೇಕಿತ್ತು! ಒಂದು ಮಾತು ಕೇಳಿದ್ಯಾ ನನ್ನ? ನೀನೂ ಆ ಆಸ್ಪತ್ರೆಯವರ ಜೊತೆ ಸೇರ್ಕೊಂಡೆ." ಅವಳು ಬೆರಳೆತ್ತಿದಳು. "ಇದರ ಮೇಲೆ ನಾನು ಕಾಲಿಡಲ್ಲ. ಕೇಳಿಸ್ತಾ? ಕಾಲೂ ಇಡಲ್ಲ."

ಸುತ್ತಿ ಹಿಂದೆ ಹೋದಳು. ಹಿಂಬಾಗಿಲ ಕೆಳಗೆ ಸೆಲ್ಬಿ ಮೀನಿನ ಪೆಟ್ಟಿಗೆಯೊಂದನ್ನು ಮೆಟ್ಟಿಲಾಗಿ ಇಟ್ಟಿದ್ದ. ಅದು ಅಲುಗದಂತೆ ನಾಲ್ಕೂ ಕಡೆ ಕಲ್ಲು ಕೊಟ್ಟಿದ್ದ. ಅದೂ ಸಿಟ್ಟು ತರಿಸಿತು.

ಆರು ವರ್ಷದಿಂದ ಸೆಲ್ಬಿ ಪ್ರತಿ ಭಾನುವಾರ ಮೂರು ಗಂಟೆಗೆ ಆ ಬಾಗಿಲಿನಿಂದಲೇ ಬರುತ್ತಿದ್ದ. ಅಡುಗೆಮನೆಯ ಮಂಚದ ತುದಿಯಲ್ಲಿ ಕೂರುತ್ತಿದ್ದ. ಡಬ್ಬಿ ಹಾಲಿನ ಟೀ, ಕಾಕಂಬಿ ಸುರಿದ ಕರಿದ ರೊಟ್ಟಿ. ಹವಾಮಾನದ ಮಾತು, ಮೀನಿನ ಮಾತು. ಹೊರಡುವಾಗ ಟೋಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಏನೋ ಹೇಳುವವನಂತೆ ನಿಂತು, "ಬರ್ತೀನಿ ಹಾಗಾದ್ರೆ," ಎನ್ನುತ್ತಿದ್ದ. ಟೋಪಿ ಮೂರನೇ ಸುತ್ತು ತಿರುಗುತ್ತದೆಯೇ ಎಂದು ಡಲ್ಸಿ ಆರು ವರ್ಷದಿಂದ ಎಣಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಅಡುಗೆಯ ಚಾಕು ಹಿಡಿದು ಹಿತ್ತಲಿಗೆ ಇಳಿದಳು. ತಪ್ಪು ಅವನದೇ ಎನ್ನುವುದಕ್ಕೆ ಸಾಕ್ಷಿ ಬೇಕಿತ್ತು.

ಹಳೇ ಜಗಲಿಯ ತುಂಡುಗಳನ್ನು ಅವನು ಅಲ್ಲೇ ಪೇರಿಸಿಟ್ಟಿದ್ದ. ಏಳು ವರ್ಷದ ಹಿಂದೆ ಊರಿನ ಗಂಡಸರೆಲ್ಲ ಸೇರಿ ಒಂದೇ ಶನಿವಾರದಲ್ಲಿ ಎಬ್ಬಿಸಿದ ಜಗಲಿ ಅದು. ಕೊಳೆಯದಂತೆ ಮದ್ದು ಕುಡಿಸಿದ ಹಸಿರು ಮರ, ಮೂವತ್ತು ವರ್ಷ ಮುಟ್ಟಿ ನೋಡಬೇಕಾಗಿಲ್ಲ ಎಂದು ಹೆಜ್ ಮಾವ ಎದೆ ತಟ್ಟಿಕೊಂಡಿದ್ದ. ಡಲ್ಸಿ ಒಂದು ತೊಲೆಯ ನಡುವಿಗೆ ಚಾಕು ಒತ್ತಿದಳು. ಇಳಿಯಲಿಲ್ಲ. ತುದಿಗೆ, ಗರಗಸ ಕೊಯ್ದ ಕಡೆಗೆ ಒತ್ತಿದಳು. ಹಿಡಿಯವರೆಗೂ ಕೇಕಿಗಿಳಿದಂತೆ ಇಳಿಯಿತು.

ಕಂಬ ಹೂತಿದ್ದ ಗುಂಡಿಗಳಲ್ಲಿ ಕಂದು ನೀರು ತುಂಬಿತ್ತು. ಗುಡ್ಡದ ನೀರೆಲ್ಲ ಆ ಜವುಗಿಗೇ ಬರುತ್ತಿತ್ತು. ಸೂರಿನಿಂದ ನೀರು ಟಪಟಪ ಅಲ್ಲಿಗೇ ಬೀಳುತ್ತಿತ್ತು. ನೈಋತ್ಯದ ಗಾಳಿ ಮಳೆಯನ್ನು ತಂದು ಅದೇ ಗೋಡೆಗೆ ಅಪ್ಪಳಿಸುತ್ತಿತ್ತು. ಹುಟ್ಟಿದಾಗಿನಿಂದ ಈ ಹಿತ್ತಲನ್ನು ನೋಡಿದವಳು, ಇದನ್ನು ಇವತ್ತೇ ನೋಡಿದಂತೆ ನಿಂತಳು.

ಹಾಗೆಂದು ಸೋಲುವವಳಲ್ಲ. ಟಾರ್ಚ್ ತಂದು ಹೊಸ ಜಗಲಿಯ ಅಡಿಗೆ ತೆವಳಿದಳು. ಮೇಲೆ ಕಾಲಿಡುವುದಿಲ್ಲ ಎಂದಿದ್ದಳೇ ಹೊರತು ಅಡಿಗೆ ಹೋಗುವುದಿಲ್ಲ ಎಂದಿರಲಿಲ್ಲ.

ಅಡಿಯಲ್ಲಿ ಬಂಡೆ. ಕಂಬಗಳು ಮಣ್ಣು ಮುಟ್ಟಿರಲಿಲ್ಲ. ಬಂಡೆಗೆ ಬಿಗಿದ ಕಬ್ಬಿಣದ ಪಾದಗಳ ಮೇಲೆ, ಒಂದಂಗುಲ ಗಾಳಿಯಾಡುವಂತೆ ನಿಂತಿದ್ದವು. ಜಗಲಿ ಮನೆಯ ಗೋಡೆಗೆ ಅಂಟಿರಲಿಲ್ಲ, ಎರಡು ಬೆರಳಿನಷ್ಟು ದೂರವೇ ಉಳಿದಿತ್ತು. ತೊಲೆಗಳ ನೆತ್ತಿಗೆಲ್ಲ ನೀರು ಇಳಿಯದಂತೆ ಅಂಟಿಸಿದ ಕಪ್ಪು ಪಟ್ಟಿ. ಮತ್ತು ಕೊಯ್ದ ಪ್ರತಿಯೊಂದು ತುದಿಗೂ ಕಡುಹಸಿರು ಮದ್ದು ಬಳಿದಿತ್ತು. ಯಾರ ಕಣ್ಣಿಗೂ ಬೀಳದ ಮೂಲೆಯ ತುಂಡಿಗೂ, ಎರಡೆರಡು ಸಲ. ಟಾರ್ಚ್ ಹಿಡಿದು ಒಂದೊಂದನ್ನೂ ನೋಡುತ್ತಾ ಹೋದಂತೆ ಅವಳ ಕೈ ನಿಧಾನವಾಯಿತು. ಯಾರೋ ತನ್ನ ಪತ್ರಗಳನ್ನು ಜೋಪಾನವಾಗಿ ಕಟ್ಟಿಟ್ಟದ್ದನ್ನು ಕಂಡಂತೆ.

ಸೆಲ್ಬಿಯ ಎರಡು ಬೂಟುಗಳು ಬಂದು ನಿಂತವು. "ಅಡಿಯಲ್ಲಿ ಯಾರು? ನೀರುನಾಯೋ, ಇನ್ಸ್‌ಪೆಕ್ಟರೋ?"

"ಇನ್ಸ್‌ಪೆಕ್ಟರ್. ಹಲಗೆ ಮಧ್ಯೆ ಇಷ್ಟು ಸಂದು ಯಾಕೆ ಬಿಟ್ಟಿದೀಯ? ಅಮ್ಮನ ವಾಕರಿನ ಕಾಲು ಸಿಕ್ಕಿಹಾಕ್ಕೊಂಡ್ರೆ?"

"ವಾಕರಿನ ಕಾಲಿನ ಅಳತೆ ನೋಡೇ ಬಿಟ್ಟಿದ್ದು. ಪೂರ್ತಿ ಮುಚ್ಚಿದ್ರೆ ನೀರು ಕೂತು ಹಿಮಗಟ್ಟಿ ಸೀಳುತ್ತೆ."

"ಮೊಳೆ?"

"ಮೊಳೆ ಅಲ್ಲ, ತುಕ್ಕು ಹಿಡಿಯದ ತಿರುಪು. ಈ ಮದ್ದು ಸಾದಾ ಕಬ್ಬಿಣನ ತಿಂದುಹಾಕುತ್ತೆ."

ಡಲ್ಸಿ ಕೂದಲಿಗೆ ಜೇಡನ ಬಲೆ ಮೆತ್ತಿಕೊಂಡು ಹೊರಬಂದಳು. ಅವನು ಕೈ ಚಾಚಿದ. ಬೆರಳುಗಳೆಲ್ಲ ಹಸಿರು. ಅವಳು ಆ ಕೈಯನ್ನು ನೋಡಿದಳು, ಹಿಡಿಯದೆ ಎದ್ದಳು.

"ಹಳೇ ಜಗಲಿ ಕಟ್ಟಿದ ಶನಿವಾರ ನಾನೂ ಇದ್ದೆ ಡಲ್ಸಿ," ಎಂದ ಸೆಲ್ಬಿ. ಅವಳ ಕಣ್ಣು ಬಿಟ್ಟು ಬೇಲಿ ನೋಡುತ್ತಿದ್ದ. "ಕೊಯ್ದ ತುದಿ ಕೊಳೀದ ಹಾಗೆ ಬಳಿಯೋ ಮದ್ದಿನ ಡಬ್ಬಿ ನನ್ನ ಟ್ರಕ್ಕಲ್ಲೇ ಇತ್ತು. ತೆಗೆದೆ. ಮರಕ್ಕೆ ಲಿಪ್‌ಸ್ಟಿಕ್ ಹಚ್ತೀಯಾ ಅಂತ ಎಲ್ಲರೂ ನಕ್ರು. ಮಳೆ ಬರೋ ಹಾಗಿತ್ತು. ವಾಪಸ್ ಇಟ್ಬಿಟ್ಟೆ. ಆಮೇಲೆ ಈ ಮನೆಗೆ ಬಂದಾಗೆಲ್ಲ ಅದೇ ಹಲಗೆ ಮೇಲೆ ಕಾಲಿಟ್ಟು ಬಂದೆ. ಒಂದು ಭಾನುವಾರವಾದ್ರೂ ಹೇಳ್ಬೇಕಿತ್ತು."

ಡಲ್ಸಿಯ ಮೈ ಉರಿಯಿತು. "ಆರು ವರ್ಷ! ಮುನ್ನೂರು ಟೀ! ಬಾಯಿ ಬಿಡ್ಬೇಕಾದಾಗ ಬಿಡಲ್ಲ, ಕೇಳ್ಬೇಕಾದಾಗ ಕೇಳಲ್ಲ. ತಪ್ಪು ಒಂದು ಸಲ ಮುಚ್ಚಿಟ್ಟೆ, ತಿದ್ದೋದನ್ನೂ ಮುಚ್ಚಿಟ್ಟು ಮಾಡ್ದೆ. ನಿನ್ನ ಕೆಲಸ ಚೆನ್ನಾಗಿದೆ ಸೆಲ್ಬಿ. ಅದಕ್ಕೇ ನಂಗೆ ಇಷ್ಟು ಸಿಟ್ಟು. ಕೆಟ್ಟದಾಗಿದ್ದಿದ್ರೆ ಬೈದು ಮುಗಿಸ್ತಿದ್ದೆ."

"ಫೋನಲ್ಲಿ ಅಮ್ಮನ ವಿಷಯ ಹೇಳ್ತಾ ನೀನು ಅಳ್ತಿದ್ದೆ. ಜಾಗದ ಬಗ್ಗೆ ಕೇಳಿದ್ರೆ ಇನ್ನೊಂದು ಭಾರ ಹೊರಿಸಿದ ಹಾಗೆ ಅನ್ನಿಸ್ತು."

"ಆ ಭಾರ ನಂದು. ಹೊರಬೇಕಾ ಬೇಡ್ವಾ, ನಾನು ಹೇಳ್ತೀನಿ."

ಅವನು ತಲೆಯಾಡಿಸಿದ. ಸಬೂಬು ಹೇಳಲಿಲ್ಲ.

ಅವಳು ಮೀನಿನ ಪೆಟ್ಟಿಗೆ ಹತ್ತಿ ಒಳಗೆ ಹೋದಳು. ಅದೇ ಚಾಕುವಿನಿಂದ ಮುಂಬಾಗಿಲ ಸಂದಿನ ಬಣ್ಣ ಕೊಯ್ಯತೊಡಗಿದಳು. ಬಿಳಿ, ಅದರಡಿ ಹಳದಿ, ಅದರಡಿ ಅಪ್ಪನ ಕಾಲದ ನೀಲಿ. ನೀಲಿ ಕಂಡಾಗ ಸ್ವಲ್ಪ ಹೊತ್ತು ಹಣೆಯನ್ನು ಬಾಗಿಲಿಗೆ ಆನಿಸಿ ನಿಂತಳು. ಮತ್ತೆ ಕೊಯ್ದಳು. ಹಿಡಿಕೆ ಹಿಡಿದು ಎಳೆದಳು. ಬಾಗಿಲು ಕದಲಲಿಲ್ಲ.

ಹೊರಗಿನಿಂದ ದನಿ ಬಂತು. "ತಳ್ಳಲಾ?"

ಡಲ್ಸಿ ಎಳೆಯುವುದನ್ನು ನಿಲ್ಲಿಸಿದಳು. "ಕೇಳ್ತಾ ಇದೀಯಾ?"

"ಕೇಳ್ತಾ ಇದೀನಿ."

"ಹಾಗಾದ್ರೆ ತಳ್ಳು."

ಬಾಗಿಲು ಒಮ್ಮೆಲೇ ಬಿಟ್ಟುಕೊಂಡಿತು. ಸೆಲ್ಬಿ ಭುಜದ ಸಮೇತ ಒಳಗೆ ಮುಗ್ಗರಿಸಿ, ಅವಳಿಗೆ ತಾಗುವಷ್ಟರಲ್ಲಿ ಚೌಕಟ್ಟು ಹಿಡಿದು ನಿಂತ. ಮರದ ಹೊಟ್ಟಿನ ವಾಸನೆ, ಒದ್ದೆ ಉಣ್ಣೆಯ ವಾಸನೆ. ಅವನ ರೆಪ್ಪೆಯ ಮೇಲೆ ನೀಲಿ ಬಣ್ಣದ ಚೂರೊಂದು ಕೂತಿತ್ತು. ಅದನ್ನು ತೆಗೆಯಲು ಎದ್ದ ತನ್ನ ಕೈಯನ್ನು ಅವಳು ಎಪ್ರನ್ನಿನ ಜೇಬಿಗೆ ತುರುಕಿದಳು.

"ಒಳಗೆ ಬಾ ಅಂತ ನಾನು ಹೇಳಿಲ್ಲ."

"ಇಲ್ಲ, ಹೇಳಿಲ್ಲ," ಎಂದು ಅವನು ಹಿಂದಕ್ಕೆ ಹೆಜ್ಜೆಯಿಟ್ಟ.

ಶುಕ್ರವಾರ ನರ್ಸ್ ಬಂದಳು. ಪರಊರಿನವಳಾದ್ದರಿಂದ ಸಹಜವಾಗಿ ಮುಂಬಾಗಿಲಿಗೇ ಬಂದಳು. ಇಳಿಜಾರಿನ ಮೇಲೆ ಎರಡು ಸಲ ನಡೆದಳು, ಕಂಬಿ ಅಲುಗಾಡಿಸಿದಳು, ಹಾಳೆಯಲ್ಲಿ ಗೀಟು ಹಾಕಿದಳು. "ನೀರು ಮನೆ ಕಡೆ ಬರಲ್ಲ, ಆಚೆ ಹರಿಯುತ್ತೆ. ಯಾರು ಕಟ್ಟಿದ್ದು?"

"ಊರವರೇ ಒಬ್ಬರು," ಎಂದಳು ಡಲ್ಸಿ, ಹೊಸ್ತಿಲ ಒಳಗೇ ನಿಂತು.

ಮಧ್ಯಾಹ್ನ ಅಮ್ಮ ಬಂದಳು. ವಾಕರ್ ಒತ್ತುತ್ತಾ ಇಳಿಜಾರು ಏರಿ, ಜಗಲಿಯ ನಡುವೆ ನಿಂತು, ಕೊಲ್ಲಿಯ ಕಡೆ ತಿರುಗಿದಳು. ಮಂಜು ಸರಿದು ದೋಣಿಗಳು ಕಾಣುತ್ತಿದ್ದವು. ಬಹಳ ಹೊತ್ತು ನೋಡಿದಳು.

"ಈ ಬಾಗಿಲಲ್ಲಿ ನಾನು ಹೆಣ ಆಗಿ ಹೋಗೋದು ಅಂದ್ಕೊಂಡಿದ್ದೆ ಕಣೇ. ಜೀವ ಇದ್ದಾಗ್ಲೇ ಬರ್ತಾ ಇದೀನಿ. ನಿಮ್ಮಪ್ಪ ನೋಡಿದ್ರೆ ಹೊಟ್ಟೆ ಉರ್ಕೊಳ್ತಿದ್ದ." ಆಮೇಲೆ ಮಗಳ ಕಾಲು ನೋಡಿದಳು. "ನೀನ್ಯಾಕೆ ಅಲ್ಲೇ ಕಂಬದ ಹಾಗೆ ನಿಂತಿದೀಯ? ಬಾ ಈಚೆ."

"ನಾನು ಸಿಟ್ಟಲ್ಲಿದ್ದೀನಿ."

"ಓ, ಹಾಗೋ. ಎಷ್ಟು ಗಂಟೆವರೆಗೆ?"

ಭಾನುವಾರ ಮೂರು ಗಂಟೆಯಾಯಿತು. ಡಲ್ಸಿ ರೊಟ್ಟಿ ಕರಿದಿಟ್ಟಳು. ಹಿಂಬಾಗಿಲು ತೆರೆಯಲಿಲ್ಲ. ಮೂರೂಕಾಲು. ಟೀ ಕಪ್ಪಾಯಿತು. ಗುರುವಾರ ಆಡಿದ ಒಂದೊಂದು ಮಾತನ್ನೂ ಅವಳು ಮನಸ್ಸಿನಲ್ಲಿ ಮತ್ತೆ ತೂಗಿ ನೋಡಿದಳು. ಯಾವುದನ್ನೂ ವಾಪಸ್ ಪಡೆಯುವ ಮನಸ್ಸಾಗಲಿಲ್ಲ. ಆದರೂ ಕಿವಿ ಹಿಂಬಾಗಿಲ ಕಡೆಗೇ ಇತ್ತು.

ಆಗ ಮುಂಬಾಗಿಲ ಮೇಲೆ ಮೂರು ಸಲ ಬಡಿದ ಸದ್ದು.

ಅಮ್ಮ ಕಣ್ಣರಳಿಸಿದಳು. "ಪೊಲೀಸಾ?"

ಸೆಲ್ಬಿ. ಇಸ್ತ್ರಿ ಮಾಡಿದ ಅಂಗಿ. ಎಷ್ಟು ಉಜ್ಜಿದರೂ ಬಿಡದ ಹಸಿರು ಉಗುರು. ಕೈಯಲ್ಲಿ ಟೋಪಿ.

"ತಟ್ಟಿದ್ಯಾಕೆ?" ಡಲ್ಸಿಯ ದನಿ ಅವಳಿಗೇ ಗಡುಸಾಗಿ ಕೇಳಿಸಿತು. "ಪರಊರಿನವನಾ ನೀನು?"

"ಹಿಂಬಾಗಿಲಿಂದ ಬಂದ್ರೆ ಟೀ ಕುಡಿದು ಎದ್ದುಹೋಗ್ತೀನಿ ಡಲ್ಸಿ. ಆರು ವರ್ಷ ಹಾಗೇ ಆಯ್ತು." ಟೋಪಿ ಒಂದು ಸುತ್ತು ತಿರುಗಿತು. ಎರಡು. ಮೂರು. "ಈ ಸಲ ಒಳಗೆ ಬರೋ ಮುಂಚೆ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

ಬೇಲಿಯ ಆಚೆ ಹೆಜ್ ಮಾವನ ಕೆಮ್ಮು ಥಟ್ಟನೆ ನಿಂತಿತು.

"ಆರು ವರ್ಷ," ಎಂದಳು ಅವಳು. "ನಂಗೀಗ ನಲವತ್ತೊಂದು ಕಣೋ. ಮುನ್ನೂರು ಸಲ ನಾನು ಆ ದರಿದ್ರ ಟೋಪಿ ನೋಡ್ಕೊಂಡು ಕೂತಿದ್ದೆ, ಗೊತ್ತಾ ನಿಂಗೆ?"

"ಗೊತ್ತಿರ್ಲಿಲ್ಲ."

"ಕೇಳಿದ್ರೆ ತಾನೇ ಗೊತ್ತಾಗೋದು!" ಅವಳು ಮುಖ ತಿರುಗಿಸಿ, ಕಂಬಿಯನ್ನೇ ದುರುಗುಟ್ಟಿ ನೋಡಿದಳು. "ಈ ಮರಕ್ಕೆ ಬಣ್ಣ ಯಾವಾಗ?"

ಅವನು ತಡವರಿಸಿದ. "ಈಗ ಹಸಿ. ಒಂದು ವರ್ಷ ಒಣಗ್ಬೇಕು. ಆಮೇಲೆ ಎರಡು ಮೂರು ವರ್ಷಕ್ಕೊಂದು ಸಲ ಬಳೀತಾ ಇರ್ಬೇಕು."

"ಯಾವ ಬಣ್ಣ ಅಂತ ಪ್ರತಿ ಸಲ ನನ್ನ ಕೇಳ್ಬೇಕು."

"ಪ್ರತಿ ಸಲ ಕೇಳ್ತೀನಿ."

"ಎಷ್ಟು ವರ್ಷ ಬರುತ್ತೆ ಇದು?"

"ಸರಿಯಾಗಿ ನೋಡ್ಕೊಂಡ್ರೆ ಮೂವತ್ತು," ಎಂದ ಸೆಲ್ಬಿ. ಬೂದುಗಣ್ಣು ಈ ಸಲ ಬೇಲಿಯ ಕಡೆ ಹೋಗಲಿಲ್ಲ. "ದಿನಾ ನೋಡ್ಕೊಂಡ್ರೆ ಇನ್ನೂ ಜಾಸ್ತಿ."

ಒಳಗಿನಿಂದ ಅಮ್ಮ ಕೂಗಿದಳು: "ಡಲ್ಸೀ, ಚಳಿ ಬರ್ತಿದೆ. ಒಳಗೆ ಕರಿ, ಇಲ್ಲ ಹೊರಗೆ ಹೋಗು!"

ಡಲ್ಸಿ ಎಪ್ರನ್ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದಳು. ಹೊಸ್ತಿಲು ದಾಟಿ ಒಂದು ಕಾಲು ಇಟ್ಟಳು, ಆಮೇಲೆ ಇನ್ನೊಂದು. ಹಲಗೆ ಅಲುಗಲಿಲ್ಲ.