ಏಳನೇ ನಂಬರಿನ ಜೆರ್ಸಿ

ನೀಲಾಂಬಿಕ ಟೀಚರ್ ಅವತ್ತು ನನ್ನ ಹತ್ತಿರ ಕೇಳಿದ್ದು ಹನ್ನೆರಡು ಜೆರ್ಸಿ. ನಾನು ಹೃದಯವನ್ನೂ ಸೇರಿಸಿ ಹದಿಮೂರು ಕೊಟ್ಟೆ ಎಂದು ಬರೆದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಡೆದದ್ದು ಅದೇ.

ತೊಂಬತ್ತಾರರ ಡಿಸೆಂಬರ್. ಜಿಲ್ಲಾ ಮಟ್ಟದ ಹೈಸ್ಕೂಲ್ ಹುಡುಗಿಯರ ಖೋ ಖೋ ಪಂದ್ಯ ನಮ್ಮ ಶಿಕಾರಿಪುರದಲ್ಲಿತ್ತು. ನಾನು ಅಲ್ಲಿನ ಒಂದು ಶಾಲೆಯ ಪಿ.ಟಿ. ಮೇಷ್ಟ್ರು, ಹೆಸರು ಸಂಗಮೇಶ. ಊರವರಾಗಿಯೂ ನಾವು ಮೊದಲ ದಿನವೇ ಸೋತು, ಬಂದವರಿಗೆ ನೀರು ಕೊಡುವ ಕೆಲಸಕ್ಕೆ ನಿಂತಿದ್ದೆವು. ಎರಡನೇ ದಿನ ಸೊರಬದ ತಂಡ ಬಸ್ಸಿಳಿಯಿತು. ಅವರ ಜೆರ್ಸಿಯ ಗಂಟು ಮಾತ್ರ ಟಾಪಿನ ಮೇಲೇ ಉಳಿದು ಹೊನ್ನಾಳಿಗೆ ಹೋಯಿತು.

ಸೊರಬದ ಪಿ.ಟಿ. ಟೀಚರ್ ನೀಲಾಂಬಿಕ ನೇರ ನನ್ನ ಬಳಿ ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದರು.

“ಸರ್, ನಿಮ್ಮ ಹುಡುಗೀರು ಹೆಂಗೂ ಸೋತಾಗಿದೆಯಲ್ಲ. ಜೆರ್ಸಿ ಖಾಲಿ ಇದಾವಲ್ವಾ?”

“ಹಿಂಗ ಮುಖಕ್ಕ ಹೊಡ್ದಂಗ ಕೇಳ್ತೀರಲ್ರೀ ಟೀಚರ್!”

“ಮತ್ತೆ ಹೆಂಗೆ ಕೇಳ್ಬೇಕು ಮಾರಾಯ್ರೇ? ಹಾಡು ಹೇಳ್ಲಾ?”

ಒಂದು ಹುಬ್ಬು ಮೇಲೆ ಹೋಯಿತು, ಇನ್ನೊಂದು ಇದ್ದಲ್ಲೇ ಇತ್ತು. ನಾನು ಬೀರುವಿನ ಕೀಲಿಗಾಗಿ ಶಾಲೆಗೆ ಓಡಿದೆ. ನನ್ನ ತಂಡದವರು ಯಾರೂ ಹಾಗೆ ಓಡಿರಲಿಲ್ಲ.

ಏಳನೇ ನಂಬರಿನ ಜೆರ್ಸಿ ದ್ಯಾಮಮ್ಮ ಎಂಬ ಹುಡುಗಿಗೆ ಹೋಯಿತು. ಅವಳಪ್ಪ ಮಾರಪ್ಪ ಕುರಿ ಹೊಡೆದುಕೊಂಡು ಆರು ತಿಂಗಳು ಊರೂರು ತಿರುಗುವವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಎಲ್ಲಾದರೂ ಹಾಸ್ಟೆಲ್ ಸಿಕ್ಕರೆ ಅವಳು ಓದುವುದು, ಸಿಗದಿದ್ದರೆ ಕುರಿಯ ಹಿಂದೆ ಹೋಗುವುದು. “ಇವಳಿಗೋಸ್ಕರನೇ ಬಂದಿದ್ದು ಸರ್,” ಎಂದು ಟೀಚರ್ ಮೆಲ್ಲಗೆ ಹೇಳಿದರು. ದಾವಣಗೆರೆಯ ಒಂದು ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಮಹೇಶ್ವರಪ್ಪನವರು ಶಾಮಿಯಾನದ ಕೆಳಗೆ ಕೂತು ಆಟ ನೋಡುತ್ತಿದ್ದರು. ಅವರ ಕಣ್ಣಿಗೆ ಬಿದ್ದ ಹುಡುಗಿಗೆ ಪಿಯುಸಿ ಸೀಟು, ಹಾಸ್ಟೆಲ್, ಎರಡೂ ಉಚಿತ.

ದ್ಯಾಮಮ್ಮ ಕಂಬ ಸುತ್ತಿ, ಬಗ್ಗಿ, ನುಸುಳಿ, ನಾಲ್ಕು ನಿಮಿಷ ಯಾರ ಕೈಗೂ ಸಿಗಲಿಲ್ಲ. ನಾನು ಅವಳನ್ನು ಅರ್ಧ ನೋಡಿದೆ, ಗೆರೆಯಾಚೆ ಅವಳ ಜೊತೆಗೇ ಓಡುತ್ತಿದ್ದ ಟೀಚರನ್ನು ಪೂರ್ತಿ ನೋಡಿದೆ. ಮಹೇಶ್ವರಪ್ಪನವರು ಏನೋ ಬರೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೆಸರೂ ಕೇಳದೆ ಹೊರಟುಬಿಟ್ಟರು.

ಮೂರನೇ ದಿನ ಪೇಪರಿನಲ್ಲಿ ಬಂತು: ಶಿಕಾರಿಪುರದ ಏಳನೇ ನಂಬರಿನ ಹುಡುಗಿಯ ಅಮೋಘ ಆಟ. ಜೆರ್ಸಿಯ ಬೆನ್ನ ಮೇಲೆ ನಮ್ಮೂರ ಹೆಸರಿತ್ತಲ್ಲ! ಅದರ ಬೆನ್ನಿಗೇ ಸೊರಬದಿಂದ ಒಂದು ಇನ್‌ಲ್ಯಾಂಡ್ ಲೆಟರ್. ‘ಜೆರ್ಸಿ ಕೊಟ್ಟು ಹೆಸರು ಹೊಡೆದುಕೊಂಡಿರಿ. ಹೀಗೆಂದು ಗೊತ್ತಿದ್ದರೆ ಮಕ್ಕಳನ್ನು ಯೂನಿಫಾರ್ಮಿನಲ್ಲೇ ಆಡಿಸುತ್ತಿದ್ದೆ. ಇತಿ, ನೀಲಾಂಬಿಕ.’ ನನಗೆ ಊಟ ಸೇರಲಿಲ್ಲ. ಆದರೂ ಅಕ್ಷರ ಎಷ್ಟು ಚೆನ್ನಾಗಿದೆ ಎಂದು ನಾಲ್ಕು ಸಲ ಓದಿದೆ.

ಹದಿನೈದು ದಿನಕ್ಕೆ ಕಾಲೇಜಿನ ಪತ್ರವೇ ಬಂತು, ಅದೂ ನಮ್ಮ ಶಾಲೆಗೆ. ನಿಮ್ಮ ಏಳನೇ ನಂಬರಿನ ಹುಡುಗಿಯನ್ನು ಸೋಮವಾರ ಕರೆತನ್ನಿ, ಅಂದೇ ಮುಂದಿನ ವರ್ಷದ ಪಟ್ಟಿ ಮುಗಿಸುತ್ತೇವೆ ಎಂದಿತ್ತು.

ಹೆಡ್‌ಮಾಸ್ಟರ್ ಪರಮಶಿವಪ್ಪನವರು ಕನ್ನಡಕ ತೆಗೆದು ಒರೆಸಿದರು. “ನಮ್ಮ ಬಿಂದುಶ್ರೀ ನಂಬರೂ ಏಳೇ ಅಲ್ಲೇನ್ರೀ? ಶಾಲಿಗೆ ಹೆಸರು ಬರ್ತತಿ. ಆಕಿನ್ನೇ ಕರ್ಕೊಂಡ್ ಹೋಗಿ.”

“ಆಕಿ ನಮ್ಮ ಶಾಲಿ ಹುಡುಗಿ ಹೌದು ಸರ್. ಓಡಿದ್ದು ಆಕಿ ಅಲ್ಲ.”

ನನ್ನ ದನಿ ನನಗೇ ಜೋರೆನಿಸಿತು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೋದೆ.

ಟೀಚರ್ ಶಾಲೆಯ ಮೈದಾನದಲ್ಲಿ ಬಿಳಿ ಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ನನ್ನನ್ನು ಕಂಡವರೇ ಮುಖ ತಿರುಗಿಸಿದರು.

“ಇನ್ನೆಂತ ಬೇಕಿತ್ತು ನಿಮಗೆ?”

ಪತ್ರ ಕೊಟ್ಟೆ. ಓದಿದರು, ಮತ್ತೊಮ್ಮೆ ಓದಿದರು. ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡರು.

“ಇದನ್ನ ಹರಿದು ಹಾಕಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಸರ್.”

“ನಂಗ ಗೊತ್ತಿರ್ತಿತ್ತಲ್ರೀ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಸುಮ್ಮನೆ ಗೆರೆ ನೆಟ್ಟಗಿದೆಯೋ ಎಂದು ನೋಡುವವನಂತೆ ನಿಂತೆ.

ಸೋಮವಾರ ನಾವು ಮೂವರೂ ದಾವಣಗೆರೆಗೆ ಹೋದೆವು. ಮಹೇಶ್ವರಪ್ಪನವರು ಕಥೆಯನ್ನೆಲ್ಲ ಕೇಳಿ ನಂಬಲಿಲ್ಲ. “ಬೇರೆಯವ್ರ ಜೆರ್ಸಿ ಅಂತೀರಿ, ಹೆಂಗ ನಂಬೋದು? ಗ್ರೌಂಡಿಗೆ ಇಳೀಲಿ,” ಎಂದು ಕಾಲೇಜಿನ ಹುಡುಗಿಯರನ್ನೇ ಅವಳ ಹಿಂದೆ ಬಿಟ್ಟರು. ಟೀಚರ್ ನನ್ನ ಷರ್ಟಿನ ತೋಳು ಹಿಡಿದುಕೊಂಡರು. ಹಿಡಿದಿದ್ದು ಅವರಿಗೆ ಗೊತ್ತಿರಲಿಲ್ಲ, ನನಗೆ ಚೆನ್ನಾಗಿ ಗೊತ್ತಿತ್ತು. ದ್ಯಾಮಮ್ಮ ಐದು ನಿಮಿಷ ಓಡಿದಳು. ಸೀಟಿ ಊದಿದಾಗ ಬಗ್ಗಿ ಏದುಸಿರು ಬಿಡುತ್ತಿದ್ದವರು ಕಾಲೇಜಿನವರು.

“ಇವಳೇ!” ಎಂದರು ಮಹೇಶ್ವರಪ್ಪನವರು. ಪಟ್ಟಿಯಲ್ಲಿ ಶಿಕಾರಿಪುರ ಹೊಡೆದುಹಾಕಿ ಸೊರಬ ಎಂದು ಬರೆದರು, ಹೆಸರನ್ನೂ ಕೇಳಿ ಬರೆದುಕೊಂಡರು. ಆಮೇಲೆ ನನ್ನತ್ತ ತಿರುಗಿದರು.

“ಅಲ್ರೀ ಮೇಷ್ಟ್ರೇ, ಹುಡುಗಿ ನಿಮ್ಮ ಶಾಲೆಯವಳಲ್ಲ, ನಿಮ್ಮೂರಿನವಳೂ ಅಲ್ಲ. ರಜಾ ಹಾಕಿ ಇಲ್ಲೀತನಕ ನೀವ್ಯಾಕೆ ಬಂದ್ರಿ?”

ನಾನು ಷರ್ಟಿನ ತೋಳಿನ ಸುಕ್ಕು ಸರಿಮಾಡತೊಡಗಿದೆ.

“ನನಗೋಸ್ಕರ ಬಂದಿದಾರೆ ಸರ್,” ಎಂದರು ನೀಲಾಂಬಿಕ, ತಣ್ಣಗೆ. “ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ.”

ದ್ಯಾಮಮ್ಮ ಕಿಸಕ್ಕನೆ ನಕ್ಕಳು. ಮಹೇಶ್ವರಪ್ಪನವರು ರಿಜಿಸ್ಟರ್ ಮುಚ್ಚಿ ಪೆನ್ನು ಹುಡುಕತೊಡಗಿದರು. ಪೆನ್ನು ಅವರ ಕೈಯಲ್ಲೇ ಇತ್ತು.

ಗೇಟು ದಾಟುವ ಮೊದಲೇ ಹೇಳಿಬಿಟ್ಟೆ. “ನೀವಂದ್ರ ನಂಗ ಭಾಳ ಇಷ್ಟರೀ. ಸೊರಬಕ್ಕ ವರ್ಗ ಕೇಳ್ತೀನಿ. ನಿಮಗ ಟೀಮ್ ಬಿಟ್ಟು ಬರಾಕ ಆಗಂಗಿಲ್ಲ.”

“ವರ್ಗ ಆಮೇಲೆ ಕೇಳಿ,” ಎಂದರು ಅವರು, ನಗು ತಡೆಯಲಾಗದೆ. “ಮೊದಲು ಬರೋ ಭಾನುವಾರ ಬಂದು ನಮ್ಮಪ್ಪನ್ನ ಕೇಳಿ.”