ದಡದ ಅಮ್ಮಂದಿರು

"ಆ ಹಲ್ಲು ಕೆಳಗಿಡಿ! ಅದು ನಮ್ಮ ಹಿರೀಕರದ್ದು!"

ಗೋರಿಯ ಗುಂಡಿಯಲ್ಲಿ ಕೂತಿದ್ದ ಯುವಕ ಬೆಚ್ಚಿ ತಲೆಯೆತ್ತಿದ. ಮೇಲೆ ರುಖಿಯಾ ನಿಂತಿದ್ದಳು. ಆಫ್ರಿಕಾದ ಪೂರ್ವ ಕರಾವಳಿಯ ಪಾಟೆ ದ್ವೀಪದ ಈ ಆರುನೂರು ವರ್ಷ ಹಳೆಯ ಗೋರಿಗಳನ್ನು ಕಾಯುವ ಮನೆಯ ಹುಡುಗಿ. ಕಣ್ಣಲ್ಲಿ ಕೆಂಡ!

"ನಾನು ಅಥ್ಮಾನಿ, ಮೊಂಬಾಸಾದವನು. ಊರ ಹಿರಿಯರು ಒಪ್ಪಿದಾರೆ. ಈ ಹಲ್ಲೊಳಗೆ ಡಿಎನ್‌ಎ ಇನ್ನೂ ಉಳಿದಿರುತ್ತೆ. ಇವರ ಅಪ್ಪ ಅಮ್ಮ ಎಲ್ಲಿಯವರು ಅಂತ ಅದೇ ಹೇಳುತ್ತೆ."

"ನಮಗೆ ಗೊತ್ತಿಲ್ವಾ? ಪರ್ಷಿಯಾದ ಶಿರಾಜ್‌ನಿಂದ ಹಡಗಲ್ಲಿ ಬಂದೋರು ನಾವು!"

"ಶಾಲೇಲಿ ಹಾಗಂದಾಗ ಯಾರೂ ನಗಲಿಲ್ವಾ?"

ರುಖಿಯಾ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. ನಕ್ಕಿದ್ದರು... 'ಬಡಾಯಿ ರಾಣಿ' ಎಂದು ಕರೆದಿದ್ದರು.

"ನಮ್ಮನೇಲೂ ಇದೇ ಕಥೆ. ನನ್ನನ್ನೂ ನೋಡಿ ನಕ್ಕಿದ್ರು," ಎಂದನವನು ಮೆಲ್ಲಗೆ.

ಎರಡು ತಿಂಗಳು ಜೊತೆಯಲ್ಲೇ ಕೆಲಸ ಮಾಡಿದರು. ಶುಂಠಿ ಕಾಫಿ, ಜಗಳ, ನಗು... ಹೊರಡುವಾಗ ಅವಳು ಕೇಳಿದ್ದು ಒಂದೇ. "ಗೊತ್ತಾಗಿದ್ದನ್ನ ಮೊದಲು ನಮ್ಮೂರಿಗೆ ಹೇಳ್ಬೇಕು."

"ಖಂಡಿತ," ಎಂದಿದ್ದ.

ವರ್ಷದ ಮೇಲೆ ಪತ್ರಿಕೆಯೊಂದರಲ್ಲಿ ಅವನ ಹೆಸರಿನೊಂದಿಗೆ ಸುದ್ದಿ ಬಂತು: 'ಶಿರಾಜ್ ಕಥೆ ಬರೀ ಸುಳ್ಳು!'

ಮಾತು ತಪ್ಪಿದನಲ್ಲ... ಇವನನ್ನೇ ನಂಬಿದ್ದೆನಲ್ಲ! ಅವನ ಒಂದು ಕರೆಯನ್ನೂ ರುಖಿಯಾ ತೆಗೆದುಕೊಳ್ಳಲಿಲ್ಲ.

ಎಂಟನೇ ದಿನ ಅವನೇ ದೋಣಿಯಿಂದಿಳಿದ. ಮಸೀದಿಯ ಅಂಗಳದಲ್ಲಿ ಊರೇ ಸೇರಿತು. ರುಖಿಯಾ ಮುಖ ತಿರುಗಿಸಿ ನಿಂತಳು.

"ಅಮ್ಮಂದಿರ ಕಡೆಯ ವಿಷಯ ಮಾತ್ರ ಎಲ್ಲಿಂದಲೋ ಸೋರಿತ್ತು. ಪತ್ರಿಕೆಯವರು ನನ್ನ ಕೇಳ್ದೇನೆ ಬರೆದ್ರು," ಎಂದ ಅಥ್ಮಾನಿ. "ಅಪ್ಪಂದಿರದ್ದು ಬಂದಿದ್ದು ಮೊನ್ನೆ. ಇನ್ನೂ ಯಾರಿಗೂ ಹೇಳಿಲ್ಲ. ನಿಮಗೇ ಮೊದಲು."

ಅವನು ಕೈಯಲ್ಲಿದ್ದ ಹಾಳೆ ಬಿಡಿಸಿದ.

"ಇಲ್ಲಿ ಮಲಗಿರೋರ ಅಪ್ಪಂದಿರಲ್ಲಿ ಬಹಳ ಜನ ಪರ್ಷಿಯಾ ಕಡೆಯವರು. ಅಮ್ಮಂದಿರು ಹೆಚ್ಚುಕಡಿಮೆ ಎಲ್ಲರೂ... ಇದೇ ಆಫ್ರಿಕಾದ ದಡದವರು."

ರುಖಿಯಾಳ ಅಜ್ಜಿ, ಎಂಬತ್ತರ ಮ್ವಾನತುಮು, ಕೋಲೂರಿ ಎದ್ದಳು.

"ಕೇಳಿದ್ರಾ! ನಾವು ಸುಳ್ಳು ಹೇಳಿರಲಿಲ್ಲ. ಆದ್ರೆ ಹಡಗಲ್ಲಿ ಬಂದೋರನ್ನ ನೆನೆಸ್ಕೊಂಡು, ಬಾಗಿಲು ತೆರೆದೋರನ್ನೇ ಮರೆತಿದ್ವಲ್ರೋ!"

ಹೆಂಗಸರ ಹರ್ಷದ ಕೂಗು ಮುಗಿಲು ಮುಟ್ಟಿತು. ರುಖಿಯಾಳ ಎದೆಯುಬ್ಬಿತು. ಇಷ್ಟು ದಿನ ಅಪ್ಪಂದಿರ ಹೆಮ್ಮೆಯೊಂದೇ ಇತ್ತು; ಇಂದು ಅಮ್ಮಂದಿರೂ ಸಿಕ್ಕರು!

ಜನ ಕರಗಿದ ಮೇಲೆ ಅವಳೇ ಅವನ ಬಳಿ ಬಂದಳು.

"ನಿಮ್ಮನ್ನ ತಪ್ಪು ತಿಳ್ಕೊಂಡೆ..."

"ಪರವಾಗಿಲ್ಲ. ರುಖಿಯಾ... ನಿಮ್ಮಜ್ಜಿ ಹತ್ರ ಮದುವೆ ಮಾತಾಡ್ಲಾ?"

"ಮೊದಲು ನನ್ನ ಕೇಳಿ!"

"ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

"ನಮ್ಮೂರಲ್ಲಿ ಮನೆ ಹೆಣ್ಣಿನದು. ಗಂಡ ಆದೋನೇ ಬಂದು ಇರ್ಬೇಕು. ಗೊತ್ತು ತಾನೇ?"

"ಬರ್ತೀನಿ. ಜಾಗ ಇದ್ಯಾ?"

"ಜಾಗ ಇಲ್ದೇನೆ ಕರೀತೀನಾ... ಪೆದ್ದ!"