ಹದಿನೇಳನೆಯವನಿಗೆ ಕೇಳಬಾರದ ಪ್ರಶ್ನೆ

"ಒಂದು ನಿಮಿಷ. ನಿಮ್ಮ ಬಗ್ಗೆ ನೀವು ಏನೂ ಹೇಳಬಾರದು."

ಬಾಗಿಲು ತಳ್ಳಿಕೊಂಡು ಬಂದವನು ತೆರೆದ ಬಾಯಿ ತೆರೆದ ಹಾಗೇ ನಿಂತ.

"ಹೆಸರು?"

"ಬೇಡ."

"ಏನು ಕೆಲಸ ಮಾಡ್ತೀನಿ ಅಂತ..."

"ಅದಂತೂ ಬೇಡವೇ ಬೇಡ. ನಿಮ್ಮ ನಂಬರ್ ಹದಿನೇಳು. ಅಷ್ಟು ಸಾಕು."

"ಜೈಲಲ್ಲೂ ಹೆಸರು ಕೇಳ್ತಾರೆ ಮೇಡಂ," ಎನ್ನುತ್ತಾ ಅವನು ಕುರ್ಚಿ ಎಳೆದುಕೊಂಡ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಅವಳ ಬಾಯನ್ನೇ ನೋಡಿದ. ನೇರವಾಗಿ, ಒಂದಿಷ್ಟೂ ಸಂಕೋಚವಿಲ್ಲದೆ. ಅವಳು ತಟ್ಟನೆ ತುಟಿ ಮುಚ್ಚಿಕೊಂಡಳು.

'ಎಂಥ ಮನುಷ್ಯ ಇವನು...'

ತತ್ವಶಾಸ್ತ್ರ ವಿಭಾಗದಲ್ಲಿ ಅವಳದು ತರ್ಕದ ಸಂಶೋಧನೆ. ದೊಡ್ಡವರಾದ ಮೇಲೆ ಸಂಗೀತ ಕಲಿತರೂ ಯೋಚನೆ ಚುರುಕಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಹೆಸರು ಕೊಟ್ಟವರಲ್ಲಿ ಅರ್ಧ ಜನ ಕೆಳಮಹಡಿಯಲ್ಲಿ ಕೀಬೋರ್ಡ್ ಕಲಿಯುತ್ತಿದ್ದರು. ಉಳಿದ ಅರ್ಧ ಜನ ಹಿಂದಿನ ಶೆಡ್ಡಿನಲ್ಲಿ ಮಣ್ಣಿನ ಹೂಜಿ ಮಾಡುತ್ತಿದ್ದರು. ಯಾರು ಯಾವ ಗುಂಪೆಂಬುದು ಅವಳ ಗೈಡ್ ಮೇಡಂಗೆ ಮಾತ್ರ ಗೊತ್ತು. ಪರೀಕ್ಷೆ ಮಾಡುವವಳಿಗೆ ಗೊತ್ತಾದರೆ, ತನಗೇ ಅರಿವಿಲ್ಲದೆ ಒಂದು ಕಡೆ ವಾಲಿಬಿಡಬಹುದಲ್ಲ? ಅದಕ್ಕೇ ಈ ಮಾತಿನ ನಿಷೇಧ.

"ಮಳೆ ಬಂದ್ರೆ ರಸ್ತೆ ಒದ್ದೆಯಾಗುತ್ತೆ. ರಸ್ತೆ ಒದ್ದೆಯಾಗಿದೆ. ಹಾಗಾದ್ರೆ ಮಳೆ ಬಂತು ಅಂತ ಖಂಡಿತವಾಗಿ ಹೇಳಬಹುದಾ?"

"ಹೇಳಬಹುದು. ಅದರಲ್ಲೇನಿದೆ?"

ತಪ್ಪು. ಯಾರೋ ಬಕೆಟ್ ನೀರು ಚೆಲ್ಲಿರಬಹುದು. ಆದರೆ ತಪ್ಪೆಂದು ಹೇಳುವಂತಿಲ್ಲ. ಅವಳ ಎಡಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೇರಿ ಇಳಿಯಿತು.

ಅವನು ಅದನ್ನೂ ನೋಡಿದ.

* * *

ವಾರಕ್ಕೊಮ್ಮೆ ಬರುತ್ತಿದ್ದ. ಯೋಚಿಸುವಾಗ ಬೆರಳುಗಳಿಂದ ಮೇಜಿನ ಅಂಚನ್ನು ಬಡಿಯುತ್ತಿದ್ದ. ಅಂಕಗಳೋ, ಮೆಟ್ಟಿಲು ಹತ್ತಿದ ಹಾಗೆ ಏರುತ್ತಲೇ ಹೋದವು.

'ಕೀಬೋರ್ಡ್ ಗುಂಪೇ. ಅನುಮಾನವೇ ಇಲ್ಲ.' ಅವಳಿಗೆ ಒಳಗೊಳಗೇ ಸಂತೋಷ. ಅದು ಸಂಶೋಧನೆಗಾಗಿಯೋ ಅವನಿಗಾಗಿಯೋ, ಅವಳು ವಿಚಾರಿಸಲು ಹೋಗಲಿಲ್ಲ.

ಅಮ್ಮನಿಗೆ ಮಾತ್ರ ವಾಸನೆ ಹತ್ತಿತು.

"ಯಾರೇ ಅದು, ಫೋನಲ್ಲಿ ದಿನಾ ಹದಿನೇಳು ಹದಿನೇಳು ಅಂತೀಯ?"

"ಟೆಸ್ಟಿಗೆ ಬರೋರು ಅಮ್ಮ. ನಂಬರು."

"ವಯಸ್ಸು ಅಂದ್ಕೊಂಡು ಎದೆ ಧಸಕ್ ಅಂದಿತ್ತು ಕಣೇ. ಮದುವೆ ಆಗಿದೆಯಂತಾ?"

"ಕೇಳೋ ಹಾಗಿಲ್ಲ."

"ಏನು ಕೆಲಸ?"

"ಅದೂ ಕೇಳೋ ಹಾಗಿಲ್ಲ ಅಮ್ಮ."

"ಇದೊಳ್ಳೆ ಸಂಶೋಧನೆ. ತಿಳ್ಕೊಬೇಕಾದ್ದು ಒಂದೂ ತಿಳ್ಕೊಳ್ಳಲ್ವಲ್ಲೇ ನೀನು."

* * *

ಕೊನೆಯ ವಾರ ಅವನು ಒಂದೂ ತಪ್ಪು ಮಾಡಲಿಲ್ಲ. ಮುಗಿಸಿ, ಅಂಗಿಯ ತೋಳು ಸರಿಮಾಡಿಕೊಂಡ.

"ಮೇಡಂ, ಇವತ್ತಿಗೆ ಟೆಸ್ಟ್ ಎಲ್ಲ ಮುಗೀತಲ್ಲ. ನಾನೊಂದು ಮಾತು..."

ಅವಳ ಎದೆ ಡವಡವ ಎಂದಿತು. "ಒಂದೇ ಒಂದು ಪ್ರಶ್ನೆ ಉಳಿದಿದೆ. ಎಲ್ಲರಿಗೂ ಕೇಳೋದು. ಇಂಥ ಸಮಸ್ಯೆಗಳನ್ನ ಹೊರಗೆಲ್ಲಾದ್ರೂ ಅಭ್ಯಾಸ ಮಾಡಿದ್ರಾ?"

ಅವನ ಮುಖ ಕೆಂಪಾಯಿತು. "ಅದು... ಮಾಡಬಾರದಾಗಿತ್ತಾ?"

"ಮಾಡಿದ್ರೆ ನನ್ನ ಸಂಶೋಧನೆಯೇ ಕೆಟ್ಟುಹೋಗುತ್ತೆ," ಎಂದು ಅವಳು ನಕ್ಕಳು.

ಈ ಸಲ ಅವನು ನಗು ನೋಡಲಿಲ್ಲ. "ಬರ್ತೀನಿ," ಎಂದು ಎದ್ದವನೇ ಹೊರಟುಹೋದ.

ಕೀಬೋರ್ಡ್ ಕಲಿತೇ ಅಂಕ ಏರುತ್ತಿರುವವನಿಗೆ ಬೇರೆ ಅಭ್ಯಾಸವೇಕೆ? ಅವಳು 'ಇಲ್ಲ' ಎಂದು ತಾನೇ ಗುರುತು ಹಾಕಿದಳು. ಆಮೇಲೆ ಖಾಲಿ ಕುರ್ಚಿಯನ್ನು ನೋಡುತ್ತಾ ಕುಳಿತಳು.

'ಬೇಡದವರ ಹತ್ತಿರದಿಂದ ಜನ ಹೀಗೆ ಎದ್ದು ಹೋಗ್ತಾರೆ. ಎದ್ದು ಹೋದ... ಅಂದ್ರೆ ಅವನಿಗೆ ನಾನು ಬೇಡ.'

* * *

ಗುಂಪುಗಳ ಗುಟ್ಟು ಬಿಚ್ಚಿದ ದಿನ ಗೈಡ್ ಮೇಡಂ ಕನ್ನಡಕ ತೆಗೆದು ಒರೆಸಿದರು.

"ಎರಡೂ ಗುಂಪು ಸಮ ಬಂದುಬಿಟ್ಟಿವೆ ಕಣಮ್ಮ. ಆ ಹದಿನೇಳು ಒಬ್ಬನೇ ಮಣ್ಣಿನ ಗುಂಪನ್ನ ಹೊತ್ತುಕೊಂಡು ಬಂದಿದಾನೆ."

"ಮಣ್ಣಿನ ಗುಂಪಾ..."

"ಮಾಡಿರೋ ಹೂಜಿ ಒಂದೂ ನೆಟ್ಟಗೆ ನಿಲ್ಲಲ್ಲ. ಆದ್ರೆ ತರ್ಕ ಮಾತ್ರ ನಿನಗಿಂತ ಚೆನ್ನಾಗಿದೆ. ಹೊರಗೆ ಅಭ್ಯಾಸ ಮಾಡಿಲ್ಲ ಅಂತ ಅವನೇ ಹೇಳಿದ್ನಾ?"

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಇಷ್ಟು ವರ್ಷದ ಕೆಲಸವನ್ನು ಒಂದು ಸುಳ್ಳಿನ ಮೇಲೆ ನಿಲ್ಲಿಸುವುದೇ?

"ಇಲ್ಲ ಮೇಡಂ. ಅವರು ಉತ್ತರಾನೇ ಕೊಡಲಿಲ್ಲ. ನಾನೇ ಬರ್ಕೊಂಡೆ. ಸಂಗೀತ ಕಲಿತ್ರೆ ಅಂಕ ಏರುತ್ತೆ, ಇವರ ಅಂಕ ಏರಿದೆ, ಅಂದ್ರೆ ಸಂಗೀತವೇ ಅಂತ..."

ಹೇಳುತ್ತಿದ್ದಂತೆಯೇ ಅವಳ ಮಾತು ನಿಂತಿತು. ಒದ್ದೆ ರಸ್ತೆ. ತಿಂಗಳುಗಟ್ಟಲೆ ಇನ್ನೊಬ್ಬರಲ್ಲಿ ಹುಡುಕಿದ ತಪ್ಪನ್ನು ತಾನೇ ಮಾಡಿ ಕುಳಿತಿದ್ದಳು. ಅದೂ ಎರಡು ಸಲ: ಅವನ ಅಂಕ ಏರಿದಾಗ ಒಮ್ಮೆ, ಅವನು ಎದ್ದು ಹೋದಾಗ ಇನ್ನೊಮ್ಮೆ.

ಗೈಡ್ ಮೇಡಂ ಅವಳನ್ನೇ ದಿಟ್ಟಿಸಿದರು. "ಕರೆಸು ಅವನ್ನ. ಈಗಲೇ."

* * *

ಅವನು ಬಂದ. ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ.

"ಅಭ್ಯಾಸ ಮಾಡಿದ್ರಾ?"

"ಮಾಡಿದೆ ಮೇಡಂ. ಮೊದಲನೇ ದಿನ ನಿಮ್ಮ ಹುಬ್ಬು ಏರಿತಲ್ಲ, ಸೀದಾ ಲೈಬ್ರರಿಗೆ ಹೋಗಿ ತರ್ಕದ ಪುಸ್ತಕ ತಂದೆ. ಒಂದಕ್ಷರ ತಲೆಗೆ ಹತ್ತಲಿಲ್ಲ. ಆದ್ರೂ ಬಿಡಲಿಲ್ಲ."

"ಯಾಕೆ? ನನ್ನ ಕೆಲಸ ಹಾಳಾಗಲಿ ಅಂತಾನಾ?"

"ಹಾಳಾಗುತ್ತೆ ಅಂತ ಗೊತ್ತಾಗಿದ್ದೇ ಕೊನೇ ದಿನ. ಮುಖ ತೋರಿಸೋಕೆ ಆಗದೆ ಓಡಿಹೋದೆ." ಅವನು ನೆಲ ನೋಡಿದ. "ನನ್ನ ಬಗ್ಗೆ ಹೇಳೋ ಹಾಗಿಲ್ಲ, ನಿಮ್ಮ ಬಗ್ಗೆ ಕೇಳೋ ಹಾಗಿಲ್ಲ. ನಮ್ಮಿಬ್ಬರ ಮಧ್ಯೆ ಇದ್ದಿದ್ದು ಆ ಪ್ರಶ್ನೆಗಳು ಮಾತ್ರ. ಇರೋ ಮಾತನ್ನಾದ್ರೂ ನಿಮಗೆ ಇಷ್ಟ ಆಗೋ ಹಾಗೆ ಆಡೋಣ ಅನ್ನಿಸ್ತು."

ಅವಳ ಕೋಪ ಎಲ್ಲಿ ಹೋಯಿತೋ... ಕಣ್ಣು ಮಂಜಾಗುತ್ತಿದ್ದಂತೆ ಅವಳು ಬಾಗಿಲ ಕಡೆ ತಿರುಗಿದಳು. ಗೈಡ್ ಮೇಡಂ ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹದಿನೇಳನ್ನ ಕೈಬಿಡು," ಎಂದರು. "ನಿನ್ನ ತಪ್ಪು ಗುರುತನ್ನೂ ಸೇರಿಸಿ ಬರಿ. ಇವನಿಲ್ಲದಿದ್ರೆ ಕೀಬೋರ್ಡ್ ಗುಂಪು ಸ್ವಲ್ಪ ಮುಂದಿದೆ. ತುಂಬಾ ಅಲ್ಲ, ಸ್ವಲ್ಪ. ಎಷ್ಟಿದೆಯೋ ಅಷ್ಟೇ ಹೇಳು."

"ಕೈಬಿಡೋಕೆ ಕಾರಣ ಏನಂತ ಬರೀಲಿ ಮೇಡಂ?"

"ಪರೀಕ್ಷೆಗಿಂತ ಪರೀಕ್ಷೆ ಮಾಡುವವಳ ಮೇಲೆ ಹೆಚ್ಚು ಗಮನ ಅಂತ ಬರಿ," ಎಂದು ಅವರು ಬಾಗಿಲೆಳೆದುಕೊಂಡು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಕೆಳಮಹಡಿಯಿಂದ ಯಾರೋ ತಪ್ಪು ತಪ್ಪಾಗಿ ಕೀಬೋರ್ಡ್ ನುಡಿಸುತ್ತಿದ್ದರು.

"ಹಾಗಾದ್ರೆ ನಾನಿನ್ನು ಹದಿನೇಳಲ್ಲ," ಎಂದ ಅವನು ಮೆಲ್ಲಗೆ.

"ಅಲ್ಲ. ಇನ್ನು ಕೇಳಬಹುದು." ಅವಳು ಅವನಿಗಾಗಿ ಕುರ್ಚಿ ಎಳೆದಳು. "ಏನು ಕೆಲಸ ಮಾಡ್ತೀರಿ?"

"ಹಲ್ಲಿನ ಡಾಕ್ಟರ್."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅದಕ್ಕೇನಾ ನಕ್ಕಾಗೆಲ್ಲ ನನ್ನ ಹಲ್ಲು ನೋಡ್ತಿದ್ದಿದ್ದು?"

"ಹಲ್ಲು ನೋಡಿದ್ದು ಮೊದಲನೇ ವಾರ ಮಾತ್ರ."

"ಆಮೇಲೆ?"

"ಆಮೇಲೆ ನೀವು ನಗೋದನ್ನ ನೋಡಿದೆ."

ಅವಳು ನಿಧಾನವಾಗಿ ಕೈ ಕೆಳಗಿಳಿಸಿದಳು.